ಮೊದಲು ಕಾಳು, ಆಮೇಲೆ ಬಜಿ

ಬೆಳಗಿನ ಆರು ಗಂಟೆ. ಲೋಕಲ್ ರೈಲು ಇಳಿದವರು ಮುಂಬೈಯ ಮಲಾಡ್ ಸ್ಟೇಷನ್ ದಾಟಿ ರಸ್ತೆಗೆ ಬರುವಷ್ಟರಲ್ಲಿ ಸೋಮವ್ವನವರ ಗಾಡಿಯಲ್ಲಿ ಎಣ್ಣೆ ಕಾದಿರುತ್ತದೆ. ಸೀಳಿದ ಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಾಣಲೆಗೆ ಬಿಡುತ್ತಾರೆ. ಪಕ್ಕದ ಸ್ಟೀಲ್ ಡಬ್ಬಿಯಲ್ಲಿ ಮೊಳಕೆ ಹೆಸರುಕಾಳು, ಹೆಚ್ಚಿದ ಸೌತೆಕಾಯಿ.

"ಶುಗರ್ ಐತಿ ಅಂದವ್ರಿಗೆ ಮೊದ್ಲ ಒಂದು ಬಟ್ಟಲ ಕಾಳು. ಆಮ್ಯಾಲೆ ಎರಡು ಬಜಿ. ಮೂರನೇದು ಕೇಳಿದ್ರ ಕೊಡಂಗಿಲ್ರೀ" ಎನ್ನುತ್ತಾರೆ.

ಸುರಪುರದ ಕಡೆಯ ಸೋಮವ್ವ ಇಪ್ಪತ್ತಾರು ವರ್ಷಗಳ ಹಿಂದೆ ಗಂಡ ಮರೆಪ್ಪನವರ ಜೊತೆ ಬಂದು ಇಲ್ಲಿನ ಬಿಲ್ಡಿಂಗ್‌ಗಳಿಗೆ ಸಿಮೆಂಟ್ ಹೊತ್ತವರು. ಸೊಂಟ ಸೋತ ಮೇಲೆ ಈ ಗಾಡಿ ಹಿಡಿದರು. ಈಗ ದಿನಕ್ಕೆ ಐದು ಕಿಲೋ ಹಿಟ್ಟು, ಮುನ್ನೂರು ಬಜಿ.

ಎರಡು ವರ್ಷದ ಹಿಂದೆ ಮರೆಪ್ಪನವರ ಕಾಲಿನ ಗಾಯ ಮಾಯದೆ ಹೋಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಮುನ್ನೂರು ದಾಟಿತ್ತು. ಗಾಬರಿಬಿದ್ದ ಸೋಮವ್ವ ಮನೆಯಲ್ಲಿ ಕರಿದದ್ದನ್ನೆಲ್ಲ ಬಂದ್ ಮಾಡಿದರು. ಒಂದು ಸಂಜೆ ನೋಡಿದರೆ, ತಾವು ವಾಚ್‌ಮನ್ ಆಗಿರುವ ಹೌಸಿಂಗ್ ಸೊಸೈಟಿಯ ಗೋಡೆಯ ಹಿಂದೆ ನಿಂತು ಮರೆಪ್ಪ ವಡಾಪಾವ್ ತಿನ್ನುತ್ತಿದ್ದಾರೆ!

"ಸಿಟ್ಟಿಗಿಂತ ಅಳುನ ಬಂತ್ರೀ. ನನ್ನ ಕೈಯಾಂದು ಬಿಟ್ಟು, ಮಂದಿ ಕೈಯಾಂದು ಕದ್ದು ತಿಂತಾನಲ್ಲ ಅಂತ."

ಮರುದಿನವೇ ಗಂಡನನ್ನು ದವಾಖಾನೆಗೆ ಎಳೆದೊಯ್ದರು. ಇದೇ ಮುಂಬೈಯ ಚೆಂಬೂರಿನಲ್ಲಿ ಹುಟ್ಟಿ ಬೆಳೆದ ಡಾಕ್ಟರ್ ಲಾವಣ್ಯಾ ಬೈಯಲಿಲ್ಲ. ತಡವರಿಸುವ ಕನ್ನಡದಲ್ಲೇ ಹೇಳಿದರು: "ಪೂರಾ ಬಂದ್ ಬೇಡ ಮೌಶಿ, ಕದ್ದು ತಿಂತಾರೆ. ವಾರಕ್ಕೆ ಎರಡು ಸಲ ಕೊಡಿ. ಪೆಹಲೇ ಮೊಳಕೆ ಕಾಳು, ಆಮೇಲೆ ಎರಡೇ ಬಜಿ. ಪಾವ್ ಬೇಡ, ಸಕ್ಕರೆ ಚಾಯ್ ಬೇಡ. ತಿಂದು ಅರ್ಧ ಗಂಟೆ ನಡೀಬೇಕು. ಶುಗರ್ ಗೋಲಿ ತಪ್ಪಿಸಬಾರದು."

ಹಾಗೇ ನಡೆಯಿತು. ಗಂಡ ತಿಂದು ಎದ್ದರೆ ಸೋಮವ್ವ ಚಪ್ಪಲಿ ಮೆಟ್ಟಿ ಜೊತೆಗೆ ಹೊರಡುತ್ತಿದ್ದರು. ಮೆಲ್ಲಗೆ ಗಾಯ ಮಾಯಿತು. ಆರು ತಿಂಗಳಿಗೆ ಶುಗರ್ ಹತೋಟಿಗೆ ಬಂದು, ಈಗ ಅಲ್ಲೇ ನಿಂತಿದೆ. "ಆ ತಾಯಿ ನನ್ನ ಗಂಡನ ಕಾಲು ಉಳಿಸಿದ್ಲು, ಬಾಯಿರುಚೀನೂ ಉಳಿಸಿದ್ಲು. ಎಷ್ಟು ನೆನೆದ್ರೂ ಕಡಿಮಿನ" ಎನ್ನುವಾಗ ಅವರ ಕಣ್ಣು ತೇವವಾಗುತ್ತದೆ.

ಸುದ್ದಿ ಹೇಗೋ ಗಿರಾಕಿಗಳಿಗೆ ತಿಳಿದು, ಶುಗರ್ ಇರುವ ಹದಿನೈದಿಪ್ಪತ್ತು ಜನ ಈಗ ತಾವಾಗಿಯೇ ಕಾಳು ಕೇಳುತ್ತಾರೆ. ವಾರಕ್ಕೆ ಎರಡು ಸಲ ಎಂಬ ಲೆಕ್ಕ ಮೀರಿ ದಿನವೂ ಬಂದವರನ್ನು ಸೋಮವ್ವ ಬರಿಗೈಯಲ್ಲಿ ವಾಪಸ್ ಕಳಿಸುವುದೂ ಉಂಟು.

ವ್ಯಾಪಾರಕ್ಕೆ ಪೆಟ್ಟಲ್ಲವೇ ಎಂದರೆ ಬಜಿ ತೆಗೆಯುವ ಜಾಲರಿ ಸೌಟು ಎತ್ತಿಕೊಂಡು ನಗುತ್ತಾರೆ.

"ಇವತ್ತ ಒಂದ್ ಬಜಿ ಕಮ್ಮಿ ಹೋದ್ರ ಹೋಗಲಿ ಬಿಡ್ರಿ. ಎಂಬತ್ತು ವರ್ಷ ಆದ ಮ್ಯಾಲೂ ಅವ್ರು ನನ್ನ ಗಾಡಿಗೇ ನಡಕೊಂಡು ಬರಬೇಕು."