ಹಣೆಗೆ ಕುಂಕುಮವಿಟ್ಟ ಪತ್ತೇದಾರ

ಮೊನ್ನೆ ಹಳೆಯ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ಪತ್ತೇದಾರಿ ಕಾದಂಬರಿಯೂ ಹೊರಬಿತ್ತು. ರಟ್ಟಿನ ಮೇಲೆ ಹ್ಯಾಟು ಹಾಕಿದ ಖಾಸಗಿ ಪತ್ತೇದಾರ. ಅವನ ಹಣೆಯ ಮೇಲೊಂದು ಕೆಂಪು ಕಲೆ. "ಆಯಿ, ಇದು ರಕ್ತ ಏನ?" ಎಂದಳು ಮೊಮ್ಮಗಳು.

ರಕ್ತವಲ್ಲ. ಹೇಳುತ್ತೇನೆ, ಕೂತುಕೊಳ್ಳಿ.

ಮಹಾಯುದ್ಧದ ದಿನಗಳವು. ನಾನು ಕಾಖಂಡಕಿಗೆ ಹೊಸ ಸೊಸೆ. ನಮ್ಮವರು ವಿಜಾಪುರಕ್ಕೆ ಹೋದಾಗಲೆಲ್ಲ ಸ್ಟೇಷನ್ ರಸ್ತೆಯಿಂದ ಆ ಪತ್ತೇದಾರನ ಮಾಲೆಯ ಒಂದೊಂದು ಪುಸ್ತಕ ತಂದು, ಕಳ್ಳಮಾಲಿನಂತೆ ನನ್ನ ಕೈಗಿಡುತ್ತಿದ್ದರು. ಅದೆಂಥ ಹುಚ್ಚು ಅಂತೀರಿ! ನನಗೆ ಬಾವಿಗೆ ಹೋಗಲೂ ಅತ್ತೆಯ ಅಪ್ಪಣೆ ಬೇಕು. ಆ ಪುಣ್ಯಾತ್ಮ ಯಾರ ಮನೆಯ ಕದವನ್ನಾದರೂ ತಟ್ಟಿ, ಏನನ್ನಾದರೂ ಕೇಳಿ, ಉತ್ತರ ಪಡೆದೇ ಬರುತ್ತಿದ್ದ. ಅವನು ತಿರುಗಾಡಿದಷ್ಟು ಹೊತ್ತು ನಾನೂ ತಿರುಗಾಡುತ್ತಿದ್ದೆ. ಅತ್ತೆಗೆ ಗೊತ್ತಾದರೆ ಓದೇ ಬಂದ್ ಆಗುತ್ತದೆಂಬ ಭಯ ಮಾತ್ರ ಬಿಟ್ಟಿರಲಿಲ್ಲ.

ಶ್ರಾವಣದಲ್ಲಿ ದಿನಾ ಮಧ್ಯಾಹ್ನ ಅತ್ತೆಗೆ ಪುರಾಣ ಓದುವುದು ನನ್ನ ಪಾಲಿನ ಕೆಲಸ. ಅವರಿಗೆ ಅಕ್ಷರ ಬಾರದು. ಎರಡು ಪುಟಕ್ಕೆಲ್ಲ ಕಂಬಕ್ಕೊರಗಿ ಕಣ್ಣು ಮುಚ್ಚುವರು. ದನಿ ನಿಂತಿತೋ, ತಟ್ಟನೆ ಎಚ್ಚರ! ಅದಕ್ಕೇ ಒಂದು ಉಪಾಯ ಹೂಡಿದೆ. ಅವರು ಕಣ್ಣು ಮುಚ್ಚಿದೊಡನೆ ಪುರಾಣದ ನಡುವೆ ಕಾದಂಬರಿ ಇಟ್ಟು ಗಟ್ಟಿಯಾಗಿಯೇ ಓದುವುದು. ಮೋಟಾರು, ಪಿಸ್ತೂಲು, ಹೆಣ, ಎಲ್ಲ ಪುರಾಣದ ರಾಗದಲ್ಲೇ! ನನ್ನಂಥ ಜಾಣೆ ಮೂರೂರಲ್ಲಿ ಇಲ್ಲ ಎಂದುಕೊಂಡಿದ್ದೆ.

ನಾಲ್ಕನೆಯ ದಿನ, ಚಹಾ ಕುಡಿದು ಸತ್ತ ಸಾಹುಕಾರನ ಕತೆಯಲ್ಲಿ ಪತ್ತೇದಾರನಿಗೆ ಮಾಲಿಯ ಮೇಲೆ ಗುಮಾನಿ ಬಂತು.

"ಮಾಲಿ ಅಲ್ಲ ಬೇ," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಸಾವಕಾರನ ತಮ್ಮ."

ನನ್ನ ರಾಗ ತಪ್ಪಿತು. "ಅತ್ತಿಯವರ... ನಿಮಗ ಹ್ಯಾಂಗ ಗೊತ್ತಾತ್ರಿ?"

"ಚಹಾದ ಕಪ್ಪು-ಬಸಿ ತಾನ ತೊಳದಿಟ್ಟಾನ ಅಂತ ನಿನ್ನಿ ಓದಿದೆಲ್ಲ. ಗಂಡಸು ತಾನಾಗಿ ಕಪ್ಪು ತೊಳದಾನ ಅಂದ್ರ, ಏನೋ ಮುಚ್ಚಾಕತ್ತಾನ!"

ನಗಬೇಕೋ ಅಳಬೇಕೋ ತಿಳಿಯದೆ ಪುಸ್ತಕ ಮುಚ್ಚಹೋದೆ.

"ಯಾಕ ಮುಚ್ಚತಿ? ಹಚ್ಚಿದ ಪುರಾಣ ಮಂಗಲ ಮಾಡದ ಬಿಡಬಾರದು. ಓದು."

ಎರಡು ದಿನದಲ್ಲಿ ತಮ್ಮನೇ ಸಿಕ್ಕುಬಿದ್ದ. ಅತ್ತೆ ಪದ್ಧತಿಯಂತೆ ಕಾಯಿ ಒಡೆದು, ಸಕ್ಕರೆ ಹಂಚಿ, ಪುಸ್ತಕಕ್ಕೆ ಕುಂಕುಮವಿಟ್ಟರು. ಅದು ನೇರ ಹ್ಯಾಟಿನವನ ಹಣೆಗೇ ಬಿತ್ತು. ಆಮೇಲೆ ಮಗನನ್ನು ಕರೆದು, "ಮುಂದಿನ ಪುಸ್ತಕ ಕದ್ದು ತರಬ್ಯಾಡ. ರಾಜಾರೋಷ ತಾ," ಎಂದರು.

ಖೂನಿ ಮಾಡಿದವ ಯಾರೆಂದು ನಿಮಗೆ ಹೇಳಿದೆ, ಮೊಮ್ಮಗಳಿಗೆ ಹೇಳಲಿಲ್ಲ. ಈಗ ನನ್ನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಅವಳೇ ಓದುತ್ತಾಳೆ. ನಾನು ಗೋಡೆಗೊರಗಿ ಕಣ್ಣು ಮುಚ್ಚುತ್ತೇನೆ. ನಿನ್ನೆ ಅವಳ ದನಿ ತಟ್ಟನೆ ನಿಂತಿತು. ನನಗೂ ತಟ್ಟನೆ ಎಚ್ಚರ.

"ಆಯಿ, ಇಂವ್ಯಾಕ ತಾನ ಕಪ್ಪು ತೊಳದಾನ?"

ಅತ್ತೆಯ ನೆನಪು ಒತ್ತರಿಸಿ ಬಂತು. ಅವರಿದ್ದಿದ್ದರೆ ಈ ಹುಡುಗಿಯ ಕೈಗೆ ಹಿಡಿ ಸಕ್ಕರೆ ಹಾಕುತ್ತಿದ್ದರು.

"ಓದು," ಎಂದೆ.