ಬದುಕಿರುವವರ ಕಪ್ಪು-ಬಿಳುಪು ಫೋಟೋ

ಮದ್ದೂರು ತಾಲ್ಲೂಕಿನ ಕೊಪ್ಪದ ಹಾಲಿನ ಡೈರಿಯ ಮುಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ಯಾನು ಹಿಡಿದವರ ಸಾಲು ಆಗಲೇ ರಸ್ತೆಯವರೆಗೆ ಬಂದಿದೆ. ಸಾಲಿನ ಪಕ್ಕದಲ್ಲಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಂಡಿಯೂರಿ ಕುಳಿತಿದ್ದಾರೆ ಜಾಕಿಯಾ. ಕೈಯಲ್ಲಿ ಅಪ್ಪನ ಕಾಲದ ರೀಲ್ ಕ್ಯಾಮೆರಾ.

"ಬೇಗ ಒತ್ತಮ್ಮ, ಹಾಲು ಒಡ್ದೋದಾತು!" ಎಂದು ಸಾಲಿನಿಂದ ಯಾರೋ ಕಿಚಾಯಿಸುತ್ತಾರೆ.

"ಬಿಸ್ಲು ಬರ್ಲಿ ಇರಣ್ಣ. ನಿನ್ ಮೊಕ ಕಾಣ್ಬೇಡ್ವಾ?" ಜಾಕಿಯಾ ಜಗ್ಗುವ ಪೈಕಿಯಲ್ಲ.

ಮಂಡ್ಯದ ಗುತ್ತಲಿನಲ್ಲಿ ಇವರದ್ದೊಂದು ಪುಟ್ಟ ಸ್ಟುಡಿಯೋ. ಹಗಲೆಲ್ಲ ಪಾಸ್‌ಪೋರ್ಟ್ ಸೈಜಿನ ಫೋಟೋ, ಜೆರಾಕ್ಸು, ಲ್ಯಾಮಿನೇಷನ್ನು. ಹೊಟ್ಟೆ ತುಂಬುವುದು ಅದರಿಂದಲೇ. ಅಂಗಡಿ ಬಾಗಿಲು ತೆಗೆಯುವ ಮೊದಲು ಮಾತ್ರ ಮೊದಲ ಬಸ್ಸು ಹತ್ತಿ ಒಂದು ದಿನ ಮದ್ದೂರು, ಇನ್ನೊಂದು ದಿನ ಮಳವಳ್ಳಿ, ಮನಸ್ಸು ಬಂದರೆ ನಡುವಿನ ಯಾವುದೋ ಹಳ್ಳಿ. ವಾರಕ್ಕೆ ಒಂದೇ ರೀಲು, ಮೂವತ್ತಾರು ಫೋಟೋ. ಎಲ್ಲವೂ ಕಪ್ಪು-ಬಿಳುಪು. ಸ್ಟುಡಿಯೋ ಹಿಂದಿನ ಕತ್ತಲೆ ಕೋಣೆಯಲ್ಲಿ, ಕೆಂಪು ಬಲ್ಬಿನ ಕೆಳಗೆ ತಾವೇ ತೊಳೆಯುತ್ತಾರೆ. ತೆಗೆದ ಪ್ರತಿ ಫೋಟೋದ ಒಂದು ಪ್ರತಿ ಅದರಲ್ಲಿರುವವರ ಕೈ ಸೇರಲೇಬೇಕು ಎಂಬುದು ಇವರ ಹಟ.

ಆ ಕೋಣೆ ಅಪ್ಪ ನಜೀರ್ ಅಹ್ಮದ್ ಕಟ್ಟಿಸಿದ್ದು. ಬಣ್ಣದ ಫೋಟೋ ಬಂದ ಮೇಲೆ ಅಲ್ಲಿ ಉಳಿದ ಕೆಲಸ ಒಂದೇ: ತೀರಿಕೊಂಡವರ ಹಳೆಯ ಚಿತ್ರ ತಂದುಕೊಟ್ಟರೆ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಡುವುದು. "ನಮ್ಮಬ್ಬಾನ ಕೋಣೇಲಿ ಬರೀ ಸತ್ತೋರೇ ತುಂಬ್ಕಂಡಿದ್ರು. ತೊಳೆದು ತಂತಿಗೆ ನೇತಾಕ್ತಿದ್ದೋಳು ನಾನು. ಒಬ್ರಾದ್ರೂ ನಗಾಡ್ತಿದ್ರಾ? ಅವಾಗ್ಲೇ ಅಂದ್ಕಂಡೆ, ನಾನು ಬದುಕಿರೋರ್ದೇ ತೆಗೀತೀನಿ ಅಂತ," ಎನ್ನುತ್ತಾರೆ ಜಾಕಿಯಾ.

ಅಂದುಕೊಂಡಷ್ಟು ಸುಲಭವೇ? ನಮ್ಮ ಕಡೆ ಗೋಡೆಯ ಮೇಲೆ ಕಟ್ಟು ಹಾಕಿದ ಕಪ್ಪು-ಬಿಳುಪು ಫೋಟೋ ಕಂಡರೆ ಜನ ಮೊದಲು ಚಪ್ಪಲಿ ಬಿಡುತ್ತಾರೆ, ಆಮೇಲೆ ಯಾರೆಂದು ಕೇಳುತ್ತಾರೆ. ಕ್ಯಾಮೆರಾ ಎತ್ತಿದರೆ ಸಾಕು, "ನಮ್ಮುನ್ನ ಈಗ್ಲೇ ಕಳಿಸ್ಬುಡ್ಬೇಡ ಕಣಮ್ಮ" ಎಂದು ಮುಖ ತಿರುಗಿಸುವವರೇ ಹೆಚ್ಚು. ಹೋದ ವರ್ಷವಂತೂ ಎಲ್ಲ ಮುಗಿದೇ ಹೋಗುವುದರಲ್ಲಿತ್ತು.

ಇದೇ ಡೈರಿಯಲ್ಲಿ ಹಾಲು ಹಾಕುವ ದೇವಿರಮ್ಮ ಬಾಯ್ತುಂಬ ನಗುತ್ತಿದ್ದ ಫೋಟೋವನ್ನು ಜಾಕಿಯಾ ದೊಡ್ಡದಾಗಿ ಪ್ರಿಂಟ್ ಹಾಕಿದ್ದರು. ಸಂತೆಗೆ ಬಂದಾಗ ಅವರಿಗೆ ಕೊಡಿ ಎಂದು ಮದ್ದೂರು ಬಸ್ ನಿಲ್ದಾಣದ ಬಳಿ ಟೀ ಅಂಗಡಿ ಇಟ್ಟಿರುವ ಶಿವರಾಮು ಕೈಗೆ ಕೊಟ್ಟು ಹೋದರು. ಶಿವರಾಮುಗೆ ಆ ನಗು ಎಷ್ಟು ಹಿಡಿಸಿತೆಂದರೆ, ಸಂತೆಯ ದಿನದವರೆಗೆ ಇರಲಿ ಎಂದು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಪಕ್ಕದಲ್ಲಿ ಹೂ ಮಾರುವಾಕೆ ನೋಡಿ, ಪಾಪ, ಯಾರೋ ಪುಣ್ಯಾತ್ಗಿತ್ತಿ ಎಂದು ಒಂದು ಮೊಳ ಮಲ್ಲಿಗೆ ಏರಿಸಿ ಹೋದಳು. ಅಷ್ಟರಲ್ಲಿ ಮಳವಳ್ಳಿ ಬಸ್ಸಿಳಿದು ಟೀ ಕುಡಿಯಲು ಬಂದವನು ಬೇರೆ ಯಾರೂ ಅಲ್ಲ, ದೇವಿರಮ್ಮನ ಒಡಹುಟ್ಟಿದ ತಮ್ಮ ಮರಿಯಯ್ಯ!

ಗೋಡೆಯ ಮೇಲೆ ಹೂ ಏರಿಸಿದ ಅಕ್ಕನ ಫೋಟೋ ಕಂಡು ಅವನು ಟೀ ಮರೆತ. ಫೋನು ಮಾಡಿದರೆ ಅಕ್ಕ ಕೊಟ್ಟಿಗೆಯಲ್ಲಿ, ಎತ್ತುವವರಿಲ್ಲ. ಆಟೋ ಹತ್ತಿ ಕೊಪ್ಪದವರೆಗೂ "ಒಂದ್ ಮಾತೂ ಹೇಳ್ದೆ ಓಗ್ಬುಟ್ಯಲ್ಲಕ್ಕಾ!" ಎಂದು ಬಾಯಿ ಬಡಿದುಕೊಂಡು ಹೋದ. ಹುಲ್ಲಿನ ಹೊರೆ ಹೊತ್ತು ಎದುರಿಗೆ ಬಂದ ಅಕ್ಕ, "ಯಾರ್ಲಾ ಓಗಿರೋದು?" ಎಂದಾಗ ಹೊರೆಯ ಸಮೇತ ಅಕ್ಕನನ್ನು ತಬ್ಬಿ ಅತ್ತ. ಅಳು ನಿಂತ ಮೇಲೆ ಸಿಟ್ಟು ಬಂತು. ಅಕ್ಕನನ್ನೂ ಕರೆದುಕೊಂಡು ಟೀ ಅಂಗಡಿಗೆ ಬಂದು ಜಾಕಿಯಾಗೆ ಹೇಳಿಕಳಿಸಿದ. ಜನ ಸೇರಿದರು. ಜೀವಂತ ಇರುವವರನ್ನು ಗೋಡೆಗೆ ಏರಿಸಿದ್ದಾಳೆ ಎಂದು ತಲೆಗೊಂದು ಮಾತು.

"ಬಸ್ಸಿಂದ ಇಳಿಯೋಕೇ ನನ್ ಕಾಲು ಬರ್ನಿಲ್ಲ. ಇನ್ನು ಈ ಸೀಮೇಲಿ ಯಾರೂ ನನ್ ಮುಂದೆ ನಿಂತ್ಕಳಲ್ಲ, ಕ್ಯಾಮೆರಾ ಬೀರುವಿಗೇ ಅಂದ್ಕಂಡೆ," ಎಂದು ಜಾಕಿಯಾ ನೆನೆಯುತ್ತಾರೆ.

ದೇವಿರಮ್ಮ ಮಾತ್ರ ಯಾರಿಗೂ ಕಿವಿಗೊಡದೆ ಫೋಟೋವನ್ನೇ ನೋಡುತ್ತ ನಿಂತಿದ್ದರು. "ನನ್ ನಗು ಇಷ್ಟು ಚೆಂದಾಗೈತಾ?" ಎಂದರು. ಆಮೇಲೆ ಬೆಂಚು ಹತ್ತಿ ಆ ಮಲ್ಲಿಗೆ ಕಿತ್ತರು. ಸೇರಿದವರು ಬೇಡ ಬೇಡ ಎನ್ನುತ್ತಿದ್ದಂತೆ ತಮ್ಮ ತುರುಬಿಗೆ ಮುಡಿದುಕೊಂಡರು. "ಊವ ನಂಗೇ ತಾನೆ ತಂದಿರೋದು? ಗೋಡೆಗ್ಯಾಕ್ಲಾ ಮುಡ್ಸೀರಿ? ಜಾಕಿಯಮ್ಮ, ಈಗಿನ್ನೊಂದು ತೆಗಿ, ಈ ಅಳುಮುಂಜಿ ತಮ್ಮನ್ನೂ ಸೇರ್ಸಿ!"

ಅಂಗಡಿಗೆ ಅಂಗಡಿಯೇ ನಕ್ಕಿತು. ಮೊದಲು ನಕ್ಕವನು ಮರಿಯಯ್ಯ.

ಈಗ ಶಿವರಾಮುವಿನ ಗೋಡೆಯಲ್ಲಿ ಜಾಗವೇ ಇಲ್ಲ. ಹೂ ಮಾರುವಾಕೆಯೂ ಅಲ್ಲಿದ್ದಾಳೆ, ಆಟೋದವನೂ ಇದ್ದಾನೆ. ಟೀ ಕುಡಿಯುವವರು ತಮ್ಮ ಚಿತ್ರದ ಕೆಳಗೇ ಕೂರಬೇಕೆಂದು ಜಗಳವಾಡುತ್ತಾರೆ. ಅದನ್ನು ನೋಡಿದರೆ ಜಾಕಿಯಾಗೆ ಹಾಲು ಕುಡಿದಷ್ಟು ಸಂತೋಷ.

ಡೈರಿಯ ಮುಂದೆ ಬಿಸಿಲು ಬಿದ್ದಿದೆ. ಸಾಲಿನಲ್ಲಿದ್ದ ದೇವಿರಮ್ಮ ಸೆರಗು ಸರಿಮಾಡಿಕೊಂಡು ಕ್ಯಾನು ಎತ್ತುತ್ತಾರೆ. ಕ್ಲಿಕ್. ಇನ್ನೇನು ಆಸೆ ಇದೆ ಎಂದು ಕೇಳಿದರೆ ಜಾಕಿಯಾ ರೀಲು ತಿರುಗಿಸುತ್ತಲೇ ಹೇಳುತ್ತಾರೆ: "ಮಳವಳ್ಳೀಲೂ ಇಂಥದ್ದೊಂದ್ ಗೋಡೆ ಸಿಕ್ಕಿದ್ರೆ ಸಾಕು. ಊವ ತರೋರು ತರ್ಲಿ ಬುಡಿ. ಎಲ್ಲಿ ಮುಡೀಬೇಕು ಅಂತ ನಮ್ ದೇವಿರಮ್ಮ ತೋರ್ಸ್‌ಕೊಟ್ಟವ್ರೆ."