ಕೆನಡಾದವಳಿಗೆ ಕಟ್ಟಿದ ಮುಡಿಪು

ಓದಿದ್ದನ್ನು ಒಬ್ಬಳೇ ಇಟ್ಟುಕೊಳ್ಳುವುದು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಒಳ್ಳೆಯ ಕಾದಂಬರಿ ಮುಗಿಸಿದರೆ ಯಾರನ್ನಾದರೂ ಹಿಡಿದು ಕೂರಿಸಿ ಕತೆ ಹೇಳುವವರೆಗೆ ಉಂಡದ್ದು ಅರಗುವುದಿಲ್ಲ. ಈ ಚಾಳಿ ಹಿಡಿದದ್ದು ಅರವತ್ತರ ದಶಕದಲ್ಲಿ, ಫರಂಗಿಪೇಟೆಯ ನನ್ನ ಗಂಡನ ಮನೆಯ ಜಗಲಿಯಲ್ಲಿ, ಬೀಡಿಯ ಘಾಟಿನ ನಡುವೆ.

ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಮೂವರು ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟಲು ಕೂರುತ್ತಿದ್ದೆವು: ಅತ್ತೆ, ಪಕ್ಕದ ಮನೆಯ ಬ್ಯಾರಿ ಅಕ್ಕ, ನಾನು. ಓದಿ ಹೇಳುವವಳು ಬೀಡಿ ಕಟ್ಟಬೇಕಾಗಿಲ್ಲ. ಕೇಳುವವರು ತಾವು ಕಟ್ಟಿದ್ದರಲ್ಲಿ ಅವಳ ಗೆರಸೆಗೂ ಪಾಲು ಹಾಕಬೇಕು. ಇದು ನಮ್ಮ ಜಗಲಿಯ ಕಟ್ಟಳೆ. ನಾನು ಕಟ್ಟಿದ ಬೀಡಿಯನ್ನು, ಎಲೆ ಕೊಟ್ಟು ಬೀಡಿ ಕೊಳ್ಳುವ ಬ್ರಾಂಚಿನವರು ಬಿಗಿ ಸಾಲದೆಂದು ಹೇಗೂ ಹಿಂದಕ್ಕೆ ತಳ್ಳುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆಯನ್ನು ಓದಲಿಕ್ಕೆ ಕೂರಿಸಿದರೆ ಎಲೆಯಾದರೂ ಉಳಿಯುತ್ತದೆಂದು ಅತ್ತೆಯ ಲೆಕ್ಕಾಚಾರ.

ಪುಸ್ತಕ ತಂದುಕೊಡುತ್ತಿದ್ದವನು ಮೂಡುಬಿದಿರೆಯಲ್ಲಿ ಮಾಸ್ತರನಾಗಿದ್ದ ನನ್ನ ಅಣ್ಣ. ಅವನ ಶಾಲೆಗೆ ಕೆನಡಾದಿಂದ ಒಂದು ಪೆಟ್ಟಿಗೆ ಕಾದಂಬರಿಗಳು ದಾನವಾಗಿ ಬಂದಿದ್ದವು. ಯಾರೂ ಮುಟ್ಟದ್ದನ್ನು ನೋಡಿ, ನಮ್ಮಲ್ಲಿಗೆ ಬರುವಾಗಲೆಲ್ಲ ಒಂದೊಂದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ನಾನು ಬೆಳಿಗ್ಗೆ ಡಿಕ್ಷನರಿಯ ಜೊತೆ ಗುದ್ದಾಡಿ ನಾಲ್ಕು ಪುಟ ಓದುವುದು, ಮಧ್ಯಾಹ್ನ ಅದನ್ನೇ ತುಳುವಿನಲ್ಲಿ ಹೇಳುವುದು.

ಒಂದು ವರ್ಷ ಹಾಗೆ ಬಂದ ಕಾದಂಬರಿ, ಕೆನಡಾದ ದ್ವೀಪವೊಂದರಲ್ಲಿ ದೀಪಸ್ತಂಭ ಕಾಯುವವನ ಹೆಂಡತಿಯದು. ತುಂಬಿದ ಬಸುರಿ. ಸುತ್ತಲಿನ ಸಮುದ್ರ ಅರ್ಧ ಹೆಪ್ಪುಗಟ್ಟಿದೆ. ದೋಣಿಯೂ ಹೋಗದು, ನಡೆಯಲಿಕ್ಕೂ ಆಗದು. ಸೂಲಗಿತ್ತಿ ಇರುವುದು ಆಚೆ ದಡದಲ್ಲಿ. ಸಮುದ್ರ ಹೆಪ್ಪುಗಟ್ಟುವುದನ್ನು ಹೇಗೆ ವಿವರಿಸುವುದೆಂದು ನಾನು ತಡವರಿಸಿದರೆ ಬ್ಯಾರಿ ಅಕ್ಕ, "ಗೊತ್ತಾಯ್ತು ಮಾರಾಯ್ತಿ, ನಮ್ಮ ಹೊಳೆಗೆ ನೆರೆ ಬಂದ ಹಾಗೆ. ಮುಂದೆ ಹೇಳು" ಎಂದರು.

ನಮ್ಮ ಸೂಲಗಿತ್ತಿಯ ಮನೆಯೂ ನೇತ್ರಾವತಿಯ ಆಚೆ ದಡದಲ್ಲಿತ್ತು. ನನಗಾಗ ಐದು ತಿಂಗಳು. ದಿನ ತುಂಬುವುದು ಆಟಿ ತಿಂಗಳ ಜಡಿಮಳೆಯಲ್ಲಿ. ತಾಯಿ ಇಲ್ಲದವಳಾದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ. ಹಿಂದಿನ ವರ್ಷ ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಗ ಅತ್ತೆ ಕಷಾಯ ಕೊಟ್ಟರು, ಬಿಸಿನೀರು ಎರೆದರು, ಆದರೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಿಟ್ಟೆಂದೇ ನಾನು ತಿಳಿದಿದ್ದೆ. ಈ ಸಲವೂ ಹಾಗಾದರೆ ಇವರ ಮುಂದೆ ಹೇಗೆ ಮುಖವೆತ್ತುವುದು ಎಂಬ ಹೆದರಿಕೆ ದಿನವೂ ಇತ್ತು.

ಒಂದು ದಿನದ ಓದು ಆ ಹೆಂಗಸಿಗೆ ನೋವು ಶುರುವಾದಲ್ಲಿಗೆ ನಿಂತಿತು. ಅತ್ತೆ ಕತ್ತರಿ ಕೆಳಗಿಟ್ಟರು. ಕೈಕಾಲು ತೊಳೆದು ಬಂದು, ಬಟ್ಟೆಯ ತುಂಡಿನಲ್ಲಿ ನಾಣ್ಯವೊಂದನ್ನು ಗಂಟುಹಾಕಿ ದೇವರ ಕೋಣೆಯ ಮಾಡಿನ ಜಂತಿಗೆ ಮುಡಿಪು ಕಟ್ಟಿದರು. "ಸುಖವಾಗಿ ಹೆತ್ತರೆ ದೇವಸ್ಥಾನದಲ್ಲಿ ಒಂದು ಹೂವಿನ ಪೂಜೆ ಮಾಡಿಸ್ತೇನೆ" ಎಂದು ಕೈಮುಗಿದರು.

ನನಗೆ ನಗು ತಡೆಯಲಾಗಲಿಲ್ಲ. "ಅತ್ತೆ, ಇದು ಕತೆ. ಆಗುವುದೆಲ್ಲ ಪುಸ್ತಕದಲ್ಲಿ ಬರೆದಾಗಿದೆ!"

"ನೀನು ಇನ್ನೂ ಓದ್ಲಿಲ್ಲ ಅಲ್ವಾ? ಮತ್ತೆಂತ?" ಎಂದರು.

ಬ್ಯಾರಿ ಅಕ್ಕ ಹಿಂದೆ ಬೀಳುತ್ತಾರೆಯೇ? ತಮ್ಮ ಲೆಕ್ಕದಲ್ಲಿ ದರ್ಗಾಕ್ಕೆ ಸಕ್ಕರೆಯ ಹರಕೆ ಹೇಳಿಕೊಂಡರು.

ಮರುದಿನ ಆಚೆ ದಡದ ಹೆಂಗಸರು ಮಂಜುಗಡ್ಡೆಯ ಮೇಲೆ ದೋಣಿ ಎಳೆದುಕೊಂಡು ಬಂದರು, ಮಗು ಅತ್ತಿತು. ಜಗಲಿಯಲ್ಲಿ ನಾವು ಮೂವರೂ ಅತ್ತೆವು, ಆಮೇಲೆ ಬೆಲ್ಲ ಹಾಕಿದ ಕಾಫಿ ಕುಡಿದೆವು. ಅಷ್ಟು ಖುಷಿಯ ಮಧ್ಯಾಹ್ನಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ. ಬ್ಯಾರಿ ಅಕ್ಕ ಅದೇ ವಾರ ಸಕ್ಕರೆ ಹಂಚಿದರು. ಅತ್ತೆಯ ಮುಡಿಪು ಮಾತ್ರ ಮಾಡಿನಲ್ಲೇ ಉಳಿಯಿತು. ಕೇಳಿದರೆ, "ಅವಸರ ಎಂತ?" ಎಂದರು.

ಆಟಿಗೆ ಮೊದಲೇ ಅವರು ಹೊಳೆ ದಾಟಿ ಹೋಗಿ ಸೂಲಗಿತ್ತಿಯನ್ನು ಕರೆತಂದು ನಮ್ಮಲ್ಲೇ ಇರಿಸಿಕೊಂಡರು. ನೆರೆ ಬಂದು ದೋಣಿ ನಿಂತ ವಾರವೇ ನನ್ನ ಮಗಳು ಹುಟ್ಟಿದಳು.

ಬಾಣಂತನ ಮುಗಿದ ಮೇಲೆ ಮುಡಿಪು ಬಿಚ್ಚಿಕೊಂಡು ದೇವಸ್ಥಾನಕ್ಕೆ ಹೋದೆವು. ಭಟ್ಟರು ಪೂಜೆ ಯಾರ ಹೆಸರಿನಲ್ಲೆಂದು ಕೇಳಿದರು. ಅತ್ತೆ ನನ್ನ ಹೆಸರು, ನನ್ನ ನಕ್ಷತ್ರ ಹೇಳಿದರು. ನಾನು ಮೆಲ್ಲಗೆ, "ಕೆನಡಾದವಳದ್ದು?" ಎಂದೆ.

"ಅವಳದ್ದೂ ಉಂಟು. ನಕ್ಷತ್ರ ಗೊತ್ತಿಲ್ಲ ಭಟ್ರೇ, ಪ್ರಸಾದ ಎರಡು ಕೊಡಿ."

ಹಿಂದಿರುಗುವಾಗ ಮಗು ಅವರ ಹೆಗಲ ಮೇಲೆ ನಿದ್ದೆಹೋಗಿತ್ತು. ಎರಡನೆಯ ಪ್ರಸಾದದ ಹೂವನ್ನು ನನ್ನ ಕೈಗಿತ್ತು, "ಆ ಪುಸ್ತಕದ ಒಳಗೆ ಇಡು" ಎಂದರು. ಸ್ವಲ್ಪ ದೂರ ನಡೆದ ಮೇಲೆ, ನನ್ನ ಮುಖ ನೋಡದೆ, "ಕಳೆದ ಸಲ ಹರಕೆ ಹೇಳ್ಲಿಕ್ಕೆ ನನಗೆ ನೆನಪೇ ಆಗ್ಲಿಲ್ಲ ಮಗಾ" ಎಂದರು.

ಒಂದು ವರ್ಷದಿಂದ ಅವರ ಸಿಟ್ಟು ಯಾರ ಮೇಲಿತ್ತೆಂದು ನನಗೆ ಆಗ ತಿಳಿಯಿತು. ಆ ಪುಸ್ತಕವನ್ನು ಅಣ್ಣ ಎಷ್ಟು ಕೇಳಿದರೂ ನಾನು ವಾಪಸು ಕೊಡಲಿಲ್ಲ.